ಮಾತ್ರೆಯಾದ ಮೇಲೆ ವಿಭೂತಿ

ದಪ್ಪಗಿದ್ದಾಗ ನನಗೆ ಯಾರ ಭಯವೂ ಇರಲಿಲ್ಲ. ನೂರಾ ಹದಿನೆಂಟು ಕೆಜಿ ತೂಗುವ ಹೆಂಗಸು ಗುಂಡ್ಲುಪೇಟೆ ಬಸ್‌ಸ್ಟ್ಯಾಂಡಿನಲ್ಲಿ ಯಾರಿಗೆ ಹೆದರಬೇಕು? ಹೆದರಿದರೆ ಬಸ್ಸಿನೊಳಗೆ ಕೂತವರು ಹೆದರಬೇಕು, ಇವಳು ಎಲ್ಲಿ ತಮ್ಮ ಪಕ್ಕದಲ್ಲೇ ಕೂತುಬಿಡುತ್ತಾಳೋ ಎಂದು. ನಗುವವರು ನಗಲಿ ಅಂತ ಬಿಟ್ಟಿದ್ದೆ. ಭಯ ಅಂದರೆ ಏನು ಅಂತ ಗೊತ್ತಾದದ್ದು ಸಣ್ಣಗಾದ ಮೇಲೆ.

ನನ್ನ ಹೆಸರು ಕಾವ್ಯಶ್ರೀ. ತವರು ಚಾಮರಾಜನಗರ. ಗಂಡ ಗುರುಪಾದಸ್ವಾಮಿ, ಗುಂಡ್ಲುಪೇಟೆಯಲ್ಲಿ ಈರುಳ್ಳಿ ಮಂಡಿ ಇಟ್ಟುಕೊಂಡಿದ್ದಾರೆ. ಮನೆಯಲ್ಲಿ ನಾವಿಬ್ಬರು, ಅತ್ತೆ ಶಿವರುದ್ರಮ್ಮ, ಮೈದುನ ದಿಲೀಪ್. ಮದುವೆಯಾಗಿ ಆರು ವರ್ಷವಾದರೂ ಮಕ್ಕಳಾಗಲಿಲ್ಲ. ತೂಕ ಇಳಿಯದೆ ಆಗುವುದು ಕಷ್ಟ ಅಂದರು ಮೈಸೂರಿನ ಡಾಕ್ಟರು. ಅನ್ನ ಬಿಟ್ಟೆ, ಹುರುಳಿಯ ಕಟ್ಟು ಕುಡಿದೆ, ಹರಕೆ ಹೊತ್ತು ಮಾದಪ್ಪನ ಬೆಟ್ಟಕ್ಕೆ ನಡೆದೆ. ಇದರಿಂದ ತೂಕ ಇಳಿದದ್ದು ಜೊತೆಗೆ ನಡೆದ ನನ್ನ ಗಂಡನದು. ಕೊನೆಗೆ ಎರಡು ಸಾವಿರದ ಐದರಲ್ಲಿ ಕೊಯಮತ್ತೂರಿಗೆ ಹೋಗಿ ಹೊಟ್ಟೆ ಚಿಕ್ಕದು ಮಾಡುವ ಆಪರೇಷನ್ ಮಾಡಿಸಿಕೊಂಡೆ. ಇರುವ ಹೊಟ್ಟೆಯಲ್ಲಿ ನಿಂಬೆಹಣ್ಣಿನಷ್ಟನ್ನು ಬೇರೆ ಮಾಡಿ, ಕರುಳನ್ನು ಬಳಸಿ ತಂದು ಅದಕ್ಕೆ ಹೊಲಿಯುತ್ತಾರೆ. ತಿನ್ನುವುದೂ ಕಡಿಮೆಯಾಗುತ್ತದೆ, ತಿಂದದ್ದು ಮೈಗೆ ಹತ್ತುವುದೂ ಕಡಿಮೆಯಾಗುತ್ತದೆ.

ಅಲ್ಲಿಗೆ ಮುಗಿಯಿತು ಅಂತ ನಮ್ಮ ಮನೆಯವರೆಲ್ಲ ಅಂದುಕೊಂಡರು. ಮುಗಿದಿಲ್ಲ, ಈಗ ಶುರು ಅಂತ ಹೇಳಿದವಳು ಪಕ್ಕದ ಮಂಚದಲ್ಲಿ ಮಲಗಿದ್ದ ಏಲಿಕುಟ್ಟಿ. ಅವಳು ವಯನಾಡಿನವಳು. ಗಂಡ ಬೇಗೂರಿನ ಕಡೆ ಗದ್ದೆ ಗುತ್ತಿಗೆಗೆ ಹಿಡಿದು ಶುಂಠಿ ಹಾಕುತ್ತಿದ್ದ. ಹಾಗಾಗಿ ಅವಳಿಗೆ ಕನ್ನಡ ಬರುತ್ತಿತ್ತು, ಮಲಯಾಳ ಬೆರೆಸಿ. ನನಗಿಂತ ಒಂದು ವರ್ಷ ಮೊದಲೇ ಇದೇ ಆಪರೇಷನ್ ಮಾಡಿಸಿಕೊಂಡವಳು ಮತ್ತೆ ಬಂದು ಸೇರಿದ್ದಳು. ಕಾಲು ನಿಲ್ಲುತ್ತಿರಲಿಲ್ಲ. ಮಂಚದಿಂದ ಕಕ್ಕಸಿಗೆ ಹೋಗಬೇಕಾದರೆ ಇಬ್ಬರು ಹಿಡಿಯಬೇಕಿತ್ತು.

"ವಾಂತಿ, ವಾಂತಿ, ವಾಂತಿ. ನಾನು ಸುಮ್ನೆ ಇದ್ದೆ ಮೋಳೆ. ಹೊಟ್ಟೆ ಚಿಕ್ಕದು ಅಲ್ಲವೋ, ಆಗ್ತದೆ ಅಂತ. ಸುಸ್ತು ಅಂತ ಗ್ಲೂಕೋಸ್ ಬಾಟ್ಲಿ ಹಾಕಿಸಿದೆ. ಆಮೇಲೆ ಎದ್ದು ನಿಂತರೆ ಕಾಲು ನಂದಲ್ಲ," ಅಂತ ಹೇಳಿ ನಗುತ್ತಿದ್ದಳು. ಮೋಳೆ ಅಂದರೆ ಅವರ ಭಾಷೆಯಲ್ಲಿ ಮಗಳೇ. ಆಮೇಲೆ ನಗು ನಿಲ್ಲಿಸಿ ನನ್ನ ಕೈ ಹಿಡಿದುಕೊಂಡು ಮಗ್ಗಿ ಬಾಯಿಪಾಠ ಮಾಡಿಸುವ ಹಾಗೆ ಹೇಳಿಸುತ್ತಿದ್ದಳು. "ಗ್ಲೂಕೋಸಿಗೆ ಮೊದಲು ಬಿ-ಒನ್ ಸೂಜಿ. ಕೇಟ್ಟೋ? ಮೊದಲು. ಇನ್ನೊಂದು ಸಲ ಹೇಳು." ನಮ್ಮಂಥವರ ಮೈಯಲ್ಲಿ ಆ ಜೀವಸತ್ವ ಬೇಗ ಖಾಲಿಯಾಗುತ್ತದಂತೆ. ಖಾಲಿಯಾದ ಮೈಗೆ ಸಕ್ಕರೆ ನೀರು ಹೋದರೆ ಉಳಿದ ಚೂರನ್ನೂ ಅದು ತಿಂದುಹಾಕುತ್ತದಂತೆ. ಮೊದಲು ಕಣ್ಣು, ಆಮೇಲೆ ಕಾಲು, ಆಮೇಲೆ ಬುದ್ಧಿ.

ಬುದ್ಧಿ ಎಂಬ ಮಾತು ಕೇಳಿ, ಅವಳು ಹೇಳಿಸದೆಯೇ ಆ ಪಾಠವನ್ನು ಇನ್ನೊಂದು ಸಲ ಹೇಳಿದೆ. ನಾನು ಚೆಲುವೆ ಅಂತ ಯಾರೂ ಯಾವತ್ತೂ ಹೇಳಿದ್ದಿಲ್ಲ. ಬುದ್ಧಿವಂತೆ ಅಂತ ಎಲ್ಲರೂ ಹೇಳಿದ್ದಾರೆ. ಇದ್ದ ಒಂದು ಆಸ್ತಿ ಅದು.

ಊರಿಗೆ ಬಂದ ಮೇಲೆ ಹೊಸ ಹೊಟ್ಟೆ ಒಂದೊಂದೇ ಪಾಠ ಹೇಳತೊಡಗಿತು. ಯುಗಾದಿಯ ದಿನ ಅರ್ಧ ಒಬ್ಬಟ್ಟು ತಿಂದೆ. ಸ್ವಲ್ಪ ಹೊತ್ತಿಗೆ ಎದೆ ಹೊಡೆದುಕೊಂಡು, ಬೆವರು ಕಿತ್ತುಬಂದು, ಅಡುಗೆಮನೆಯ ನೆಲದ ಮೇಲೆ ಮಲಗಿಬಿಟ್ಟೆ. ಸಿಹಿ ನಮಗಲ್ಲ ಅಂತ ಗೊತ್ತಾಯಿತು. ಬೇಗ ಬೇಗ ತಿಂದರೆ ಎದೆಯಲ್ಲಿ ಕಲ್ಲು ಸಿಕ್ಕಿಕೊಂಡಂತಾಗುತ್ತದೆ ಅಂತ ಗೊತ್ತಾಯಿತು. ತಲೆಗೂದಲು ಬಾಚಣಿಗೆಗೆ ಬಂದು, ಆಮೇಲೆ ಹೇಳದೆ ಕೇಳದೆ ಮತ್ತೆ ಹುಟ್ಟಿತು. ಊಟದ ಜೊತೆ ನೀರು ಕುಡಿಯುವಂತಿಲ್ಲ, ಅರ್ಧ ಗಂಟೆ ಕಾಯಬೇಕು. ಇದು ಕೊಯಮತ್ತೂರಿನವರು ಹೇಳಿಕಳಿಸಿದ್ದ ಮಾತೇ. ಕೇಳಲು ಸುಲಭ, ಆದರೆ ನಮ್ಮ ಮನೆಯಲ್ಲಿ ಅದೇ ದೊಡ್ಡ ಜಗಳವಾಯಿತು.

ಯಾಕೆಂದರೆ ನಮ್ಮತ್ತೆಯ ಮನೆಯಲ್ಲಿ ತಟ್ಟೆಯಲ್ಲಿ ಒಂದಗುಳು ಬಿಡುವ ಹಾಗಿಲ್ಲ. ಉಂಡದ್ದು ಪ್ರಸಾದ. ಉಂಡಾದ ಮೇಲೆ ತಟ್ಟೆಗೆ ನೀರು ಹಾಕಿ, ಬೆರಳಾಡಿಸಿ ತೊಳೆದು, ಆ ನೀರನ್ನೂ ಕುಡಿದು ಏಳಬೇಕು. ಅತ್ತೆಗೆ ಅವರ ಅತ್ತೆ ಹೇಳಿಕೊಟ್ಟದ್ದು. ಲಿಂಗ ಕಟ್ಟಿದ ಮೈ ಅಂದ ಮೇಲೆ ನಾನೂ ಸಣ್ಣವಳಿಂದ ಹಾಗೇ ಮಾಡಿದವಳು. ಈಗ ನಾಲ್ಕು ತುತ್ತಿಗೆ ಹೊಟ್ಟೆ ತುಂಬಿ, ಐದನೆಯದು ಉಳಿದು, ತಟ್ಟೆಯ ನೀರು ಕುಡಿದರೆ ತಿಂದದ್ದೆಲ್ಲ ವಾಪಸು.

"ಇಷ್ಟೇ ಇಷ್ಟು ನೀರಿಗೂ ಜಾಗ ಇಲ್ವಾ ಹೊಟ್ಟೆಲಿ?" ಅಂದರು ಅತ್ತೆ. ಅವರಿಗೆ ಕೋಪಕ್ಕಿಂತ ದಿಗಿಲೇ ಹೆಚ್ಚಾಗಿತ್ತು. "ಪರ್ಸಾದವ ಚೆಲ್ದೋರ ಮನೆ ಉದ್ದಾರಾಗಿದ್ದ ನಾನಂತೂ ಕಂಡಿಲ್ಲ ಕಣವ್ವ."

ನನ್ನ ಗಂಡ ಕೈ ಚಾಚಿ ನನ್ನ ತಟ್ಟೆ ಎಳೆದುಕೊಂಡರು, ಉಳಿದ ತುತ್ತು ತಿಂದರು, ನೀರು ಹಾಕಿ ತೊಳೆದು ಕುಡಿದರು. ಅತ್ತೆ ಹಣೆ ಚಚ್ಚಿಕೊಂಡರು. ಹೆಂಡತಿಯ ತಟ್ಟೆ ತೊಳೆದು ಕುಡಿಯುವ ಗಂಡಸನ್ನು ಆ ಮನೆ ಕಂಡಿರಲಿಲ್ಲ. ಮಾರನೆಯ ದಿನವೂ ಕುಡಿದರು. ಆಮೇಲೆ ಅದೇ ರೂಢಿಯಾಯಿತು. ಪ್ರತಿ ಊಟಕ್ಕೂ ನಾನು ತಟ್ಟೆ ಅವರ ಕಡೆ ಸರಿಸಿ "ಊಟದ ಜೊತೆ ನೀರಿಲ್ಲ, ಅರ್ಧ ಗಂಟೆ" ಅನ್ನುತ್ತಿದ್ದೆ. ಅವರು ಕುಡಿಯುತ್ತಿದ್ದರು. ಮಂಡಿಯಲ್ಲಿ ಯಾರಾದರೂ ಇದನ್ನು ಕೇಳಿದ್ದರೆ ಈರುಳ್ಳಿ ಕೊಯ್ಯದೆಯೇ ಕಣ್ಣಲ್ಲಿ ನೀರು ಬರುವಷ್ಟು ನಕ್ಕಿರುತ್ತಿದ್ದರು.

ಎರಡು ವರ್ಷಕ್ಕೆ ಅರ್ಧ ಇಳಿದೆ. ಬಳೆ ಚಿಕ್ಕ ಸೈಜಿನವು ಬಂದವು. ಎರಡು ಸಾವಿರದ ಏಳರ ಜ್ಯೇಷ್ಠದ ಹೊತ್ತಿಗೆ ಮುಟ್ಟು ನಿಂತಿತು. ಕಾಯಿಲೆ ಅಂತ ಡಾಕ್ಟರ ಹತ್ತಿರ ಹೋದರೆ, ಕಾಯಿಲೆಯಲ್ಲ, ಬಸುರಿ ಅಂದರು. ಅತ್ತೆ ನನ್ನ ಎರಡೂ ಕೆನ್ನೆ ಹಿಡಿದುಕೊಂಡು ಅತ್ತರು. ನಾನೂ ಅತ್ತೆ.

ಆ ಸಂತೋಷದಲ್ಲಿ ಆಪರೇಷನ್ನನ್ನು ಎಲ್ಲರೂ ಮರೆತರು. ನನ್ನನ್ನು ನೋಡಲು ಬಂದವರಿಗೆ ಕಂಡದ್ದು ಬಸುರಿ ಮಾತ್ರ. ವಾಂತಿ ಶುರುವಾಯಿತು. ಎಲ್ಲರಿಗೂ ಇನ್ನೂ ಸಂತೋಷ. ಅತ್ತೆ ಪಕ್ಕದ ಮನೆಯವರಿಗೆ ಹೆಮ್ಮೆಯಿಂದ ಹೇಳುತ್ತಿದ್ದರು, "ಬೆಳಿಗ್ಗಿಂದ ಒಂದು ತೊಟ್ಟೂ ನಿಂತಿಲ್ಲ ಕಣವ್ವ. ನಂಗೂ ಗುರುಪಾದ ಹೊಟ್ಟೆಲಿದ್ದಾಗ ಹಿಂಗೇಯ." ನನಗೂ ಅದೇ ಸಮಾಧಾನ. ಏಲಿಕುಟ್ಟಿಯ ಮಾತು ಎಲ್ಲೋ ಮೂಲೆಯಲ್ಲಿ ಕುಳಿತು ಕೆಮ್ಮುತ್ತಿತ್ತು. ಇದು ಬೇರೆ ವಾಂತಿ, ಒಳ್ಳೆಯ ವಾಂತಿ ಅಂತ ಅದನ್ನು ಗದರಿಸಿ ಕೂರಿಸಿದೆ.

ಶ್ರಾವಣ ಬಂತು. ಮೊದಲ ಸೋಮವಾರ ಪೂಜೆ ಮುಗಿಸಿ ನಾನು ಕ್ಯಾಪ್ಸೂಲ್ ನುಂಗುತ್ತಿದ್ದೆ. ಆಪರೇಷನ್ ಆದಂದಿನಿಂದ ದಿನಾ ನುಂಗುತ್ತಿದ್ದದ್ದು, ಸಾಯುವವರೆಗೂ ನುಂಗಬೇಕಾದದ್ದು. ಪೇಪರ್ ಓದುತ್ತಿದ್ದ ದಿಲೀಪ್ ತಲೆ ಎತ್ತಿದ.

"ಅತ್ಗೆ, ಆ ಕ್ಯಾಪ್ಸೂಲ್ ಮ್ಯಾಲಿನ ಸಿಪ್ಪೆ ಅದೆಯಲ್ಲ, ಅದ ದನದ ಮೂಳೆ ಬೇಯ್ಸಿ ಮಾಡ್ತಾರಂತೆ. ನಮ್ ಫ್ರೆಂಡು ಮೆಡಿಕಲ್ ಸ್ಟೋರ್‌ನಂವ ಹೇಳ್ತಿದ್ದ."

ಅತ್ತೆಯ ಕೈಯಲ್ಲಿದ್ದ ಬಿಲ್ವಪತ್ರೆ ಕೈಯಲ್ಲೇ ಉಳಿಯಿತು. "ಶಿವಶಿವಾ. ಎರಡು ವರ್ಸದಿಂದ ಲಿಂಗದ ಮೈಯೊಳಕ್ಕೆ ಮೂಳೆಯ ಇಳಿಸ್ಕಂಡಿದ್ದೀಯಲ್ಲವ್ವ."

ಅತ್ತೆಯ ಮೇಲೆ ಹೊರಿಸಿ ನಾನು ಕೈ ತೊಳೆದುಕೊಳ್ಳುವುದಿಲ್ಲ. ನನಗೂ ಓಕರಿಕೆ ಬಂತು. ಹೊಟ್ಟೆಯಲ್ಲಿ ಮಗು ಬೇರೆ. "ಸ್ರಾವಣ ಒಂದು ಕಳೀಲಿ ಬುಡು. ಆಮ್ಯಾಕೆ ಡಾಕ್ಟ್ರ ಕೇಳದ್ರಾಯ್ತು," ಅಂದರು ಅತ್ತೆ. ಒಂದು ತಿಂಗಳು ತಾನೇ ಅಂತ ನಾನೂ ಡಬ್ಬಿಯನ್ನು ಅಟ್ಟದ ಮೇಲಿಟ್ಟೆ. ವಾಂತಿ ಮಾತ್ರ ಹೆಚ್ಚುತ್ತಲೇ ಹೋಯಿತು. ಗಂಜಿ ನಿಲ್ಲಲಿಲ್ಲ, ಎಳನೀರು ನಿಲ್ಲಲಿಲ್ಲ.

ಮೊದಲು ಅಂಗಾಲು ಜೋಮು ಹಿಡಿಯಿತು. ಆಮೇಲೆ ಒಂದು ಬೆಳಿಗ್ಗೆ ಅಡುಗೆಮನೆಗೆ ಹೋದರೆ ಒಲೆಯ ಮುಂದೆ ಇಬ್ಬರು ಅತ್ತೆಯರು ನಿಂತಿದ್ದರು. ಒಬ್ಬರೇ ನನಗೆ ಸಾಕಾಗಿತ್ತು. ನಗು ಬಂತು, ನಿಜವಾಗಿ ಬಂತು. ಕಣ್ಣುಜ್ಜಿಕೊಂಡೆ. ಇಬ್ಬರೂ ಹಾಗೇ ನಿಂತಿದ್ದರು. ಇಬ್ಬರೂ ಒಟ್ಟಿಗೆ ತಿರುಗಿ "ಯಾನವ್ವ, ಯಾಕಂಗೆ ನೋಡೀಯೆ?" ಅಂದರು. ಆಗ ನಗು ಆರಿತು. ಮೊದಲು ಕಣ್ಣು, ಆಮೇಲೆ ಕಾಲು, ಆಮೇಲೆ. ಅಟ್ಟದ ಕಡೆ ಹೋಗಬೇಕು ಅಂತ ಹೆಜ್ಜೆ ಇಟ್ಟೆ. ನೆಲ ದೋಣಿಯ ಹಾಗೆ ಓಲಾಡಿತು. ಬಾಗಿಲ ಚೌಕಟ್ಟು ಎರಡಿದ್ದವು. ಇಲ್ಲದ್ದನ್ನು ಹಿಡಿಯಲು ಹೋಗಿ ಬಿದ್ದೆ.

ನನಗೆ ನೆನಪಿರುವುದು ಇಷ್ಟೇ. ಮುಂದಿನದೆಲ್ಲ ಗಂಡ, ಅತ್ತೆ, ದಿಲೀಪ್ ಮೂವರೂ ಹೇಳಿದ್ದನ್ನು ಜೋಡಿಸಿಕೊಂಡದ್ದು. ಮೂವರೂ ಬೇರೆ ಬೇರೆ ಥರ ಹೇಳುತ್ತಾರೆ. ಹೇಳುವಾಗ ಮೂವರೂ ನನ್ನ ಮುಖ ನೋಡುವುದಿಲ್ಲ.

ದಿಲೀಪ್ ಆಮ್ನಿ ವ್ಯಾನು ಓಡಿಸಿದನಂತೆ. ಚಾಮರಾಜನಗರದಲ್ಲಿ ಹೆರಿಗೆಗೆ ಹೆಸರಾದ ಒಬ್ಬ ಲೇಡಿ ಡಾಕ್ಟರ ನರ್ಸಿಂಗ್ ಹೋಮಿಗೆ ಹೊರಟದ್ದು. ತೆರಕಣಾಂಬಿ ದಾಟುವಾಗ ನಾನು ಗಂಡನನ್ನು "ನೀವ್ಯಾರು, ಯಾವೂರು?" ಅಂತ ಮರ್ಯಾದೆಯಿಂದ ಕೇಳಿದೆನಂತೆ. ಅವರು ಊರು ಹೇಳಿದರಂತೆ. "ಗುಂಡ್ಲುಪೇಟೆಯಾ? ನನ್ನೂ ಅಲ್ಲಿಗೇ ಕೊಟ್ಟಿರೋದು," ಅಂದೆನಂತೆ. ಇದನ್ನು ಹೇಳುವಾಗ ದಿಲೀಪ್ ನಗಲು ನೋಡುತ್ತಾನೆ, ಆಗುವುದಿಲ್ಲ.

ಡಾಕ್ಟರ ಹತ್ತಿರ ಇವರು ಹೇಳಿದ್ದು, ಬಸುರಿ, ಮೂರು ತಿಂಗಳು, ಬಹಳ ವಾಂತಿ, ತಲೆ ಸುತ್ತಿ ಬಿದ್ದಳು. ಅಷ್ಟೇ. ಆಪರೇಷನ್ ವಿಷಯ ಯಾರ ಬಾಯಲ್ಲೂ ಬರಲಿಲ್ಲ. ಮುಚ್ಚಿಡಬೇಕು ಅಂತಲ್ಲ. ಅದು ಆಗಿ ಮುಗಿದಿತ್ತಲ್ಲ, ಹಳೆಯ ಮಾತು. ಮದುವೆಯಲ್ಲಿ ಏನು ಊಟ ಹಾಕಿಸಿದೆವು ಅಂತ ಡಾಕ್ಟರಿಗೆ ಯಾರಾದರೂ ಹೇಳುತ್ತಾರೆಯೇ? ನಾಲಿಗೆ ಒಣಗಿತ್ತು, ಕಣ್ಣು ಗುಳಿ ಬಿದ್ದಿತ್ತು. ಯಾರೇ ಆದರೂ ಮಾಡುವುದನ್ನೇ ಆ ಡಾಕ್ಟರು ಮಾಡಿದರು. ಮಲಗಿಸಿ, ಕೈಗೆ ಸೂಜಿ ಚುಚ್ಚಿ, ಗ್ಲೂಕೋಸ್ ಬಾಟಲಿ ತರಿಸಿದರು. ನಮ್ಮ ಕಡೆ ಗ್ಲೂಕೋಸ್ ಅಂದರೆ ಅರ್ಧ ಜೀವ ಬಂದ ಹಾಗೆ. ಅತ್ತೆ ಬಾಟಲಿಗೆ ಕೈ ಮುಗಿದರಂತೆ.

ಬಾಟಲಿ ನೋಡಿ ನಾನು ಕಿರುಚಿದೆನಂತೆ. "ಮೊದಲು ಸೂಜಿ. ಬಿ-ಒನ್ ಸೂಜಿ ಮೊದಲು."

"ಸೂಜಿ ಆಯ್ತಲ್ಲಮ್ಮ, ಕೈಯಲ್ಲೇ ಅದೆ ನೋಡು," ಅಂತ ನರ್ಸು ಸಮಾಧಾನ ಮಾಡಿದಳು.

"ಇದಲ್ಲ. ಅದು. ಮೊದಲು ಅದು." ಇಷ್ಟಕ್ಕೇ ನಿಲ್ಲಿಸಿದ್ದರೆ ಯಾರಾದರೂ ಕಿವಿಗೊಡುತ್ತಿದ್ದರೋ ಏನೋ. ಅದರ ಹಿಂದೆಯೇ, "ಅಪ್ಪನಿಗೂ ಹೇಳಿ, ಬಾಗಿಲಲ್ಲಿ ಕೊಡೆ ಹಿಡಿದು ನಿಂತವನೆ, ಒಳಕ್ಕೆ ಕರೀರಿ," ಅಂದೆ. ನಮ್ಮಪ್ಪ ತೀರಿಕೊಂಡು ಎಂಟು ವರ್ಷವಾಗಿತ್ತು. ಬಾಗಿಲಲ್ಲಿ ಯಾರೂ ಇರಲಿಲ್ಲ. ಅತ್ತೆ ಸೆರಗು ಬಾಯಿಗಿಟ್ಟುಕೊಂಡು ಮಗನ ಕಿವಿಯಲ್ಲಿ ಹೇಳಿದರು. "ಗುರುಪಾದ, ಇದು ಡಾಕ್ಟ್ರ ಕೈಲಿ ಓಗದಲ್ಲ ಕಣಪ್ಪ. ಗಾಳಿ ಸೋಕ್ಯದೆ. ಮಠಕ್ಕೆ ಕರ್ಕಂಡೋಗನ."

ಈ ಜಾಗಕ್ಕೆ ಬಂದಾಗ ನನ್ನ ಗಂಡ ಮಾತು ನಿಲ್ಲಿಸಿ ನೀರು ಕುಡಿಯುತ್ತಾರೆ. ನನಗೋ, ನೆನಪೇ ಇಲ್ಲದ ಈ ಜಾಗವೇ ಕನಸಲ್ಲಿ ಬರುತ್ತದೆ. ನಿಜ ಗೊತ್ತಿರುವವಳು ನಾನೊಬ್ಬಳೇ, ಆ ನಿಜವನ್ನು ಹುಚ್ಚಿಯ ಬಾಯಿಂದ ಹೇಳುತ್ತಿದ್ದೇನೆ. ನನ್ನ ಮಾತಿನಲ್ಲಿ ಯಾವುದು ಕಾಳು, ಯಾವುದು ಜೊಳ್ಳು ಅಂತ ಅವರಿಗೆ ಹೇಗೆ ಗೊತ್ತಾಗಬೇಕು? ನನಗೇ ಗೊತ್ತಾಗದ ಮೇಲೆ?

ಬಾಟಲಿ ಕಂಬಕ್ಕೆ ನೇತುಬಿತ್ತು. ನಳಿಗೆ ಕೈಗೆ ಸೇರಿತು. ಅದರಲ್ಲಿ ನೀರು ಬಿಡುವ ಪುಟ್ಟ ಚಕ್ರ ತಿರುಗಿಸುವುದೊಂದು ಬಾಕಿ. ಅಷ್ಟರಲ್ಲಿ ಡಾಕ್ಟರನ್ನು ಪಕ್ಕದ ರೂಮಿಗೆ ಯಾರೋ ಕರೆದರು, ನರ್ಸು ಪ್ಲಾಸ್ಟರ್ ಹುಡುಕುತ್ತಿದ್ದಳು. ಅತ್ತೆ, ಕೈ ಸುಮ್ಮನಿರದ ಹೆಂಗಸು, ಹೊರಗಿನಿಂದ ತರಿಸಿದ್ದ ಇಡ್ಲಿಯ ಒಂದು ಚೂರು ಮುರಿದು ನನ್ನ ಬಾಯಿಗಿಟ್ಟು, ಗಂಟಲಿಗೆ ಸಿಕ್ಕೀತು ಅಂತ ಹಿಂದೆಯೇ ನೀರಿನ ಲೋಟ ತುಟಿಗೆ ಹಿಡಿದರು.

ನಾನು ಲೋಟ ತಳ್ಳಿದೆ. "ಊಟದ ಜೊತೆ ನೀರಿಲ್ಲ. ಅರ್ಧ ಗಂಟೆ." ಹಾಗಂದು, ಯಾರು ಅಂತ ಗೊತ್ತಿಲ್ಲದ ಆ ಗುಂಡ್ಲುಪೇಟೆಯ ಗಂಡಸಿನ ಕಡೆ ಇಡ್ಲಿಯ ತಟ್ಟೆ ಸರಿಸಿದೆ.

ಅವರು ಎದ್ದು ಬಂದು ನಳಿಗೆಯನ್ನು ಮಡಚಿ ಮುಷ್ಟಿಯಲ್ಲಿ ಹಿಡಿದುಕೊಂಡರಂತೆ. ನರ್ಸು ಬಿಡಿ ಅಂದರೂ ಬಿಡಲಿಲ್ಲ. ಡಾಕ್ಟರು ಓಡಿಬಂದು ಬೈದರು.

"ಮೇಡಂ, ಇವಳು ನನ್ನ ಹೆಸರ ಮರ್ತವಳೆ. ಅವಳಪ್ಪ ಸತ್ತಿರದ ಮರ್ತವಳೆ," ಅಂದರು ನನ್ನ ಗಂಡ. ಜೋರಾಗಿ ಮಾತಾಡುವವರಲ್ಲ, ಆಗಲೂ ಮೆಲ್ಲಗೇ ಅಂದರಂತೆ. "ಹೊಟ್ಟೆ ಪಾಠವ ಮಾತ್ರ ಮರ್ತಿಲ್ಲ. ಆಪರೇಶನ್ ಆದಾಗಿಂದ ಕಲ್ತಿದ್ದು ಒಂದೂ ತಪ್ಪಿಲ್ಲ. ಅದ್ಕೇ, ಅವಳು ಯಾವ್ದೋ ಸೂಜಿ ಮೊದ್ಲು ಅಂತಾವಳಲ್ಲ, ಅದ ಮೊದ್ಲು ಹಾಕಿ. ಆಮೇಲೆ ಇದ ಬುಡ್ತೀನಿ."

ಡಾಕ್ಟರು ನಿಂತಲ್ಲೇ ನಿಂತರು. "ಯಾವ ಆಪರೇಷನ್?"

"ಹೊಟ್ಟೆ ಚಿಕ್ಕದು ಮಾಡದು. ಕೊಯಮತ್ತೂರಲ್ಲಿ."

"ಇದನ್ನ ಯಾಕ್ರೀ ಮೊದಲೇ ಹೇಳಲಿಲ್ಲ?"

"ಅದಾಗಿ ಎರಡು ವರ್ಸ ಆಯ್ತಲ್ಲ ಮೇಡಂ."

ಡಾಕ್ಟರು ನನ್ನ ಮುಂದೆ ಬೆರಳು ಆಡಿಸಿ ಕಣ್ಣು ನೋಡಿದರಂತೆ. ಕಣ್ಣುಗುಡ್ಡೆ ಬೆರಳಿನ ಹಿಂದೆ ಹೋಗದೆ ನಿಂತಲ್ಲೇ ನಡುಗುತ್ತಿತ್ತಂತೆ. ತಾವೇ ಚೀಟಿ ಬರೆದು ದಿಲೀಪನನ್ನು ಓಡಿಸಿದರು. ಎದುರಿನ ಮೆಡಿಕಲ್‌ನಲ್ಲಿ ಆ ಸೂಜಿ ಇರಲಿಲ್ಲ. ಬಸ್‌ಸ್ಟ್ಯಾಂಡಿನ ಹತ್ತಿರದ ಅಂಗಡಿಯಲ್ಲಿ ಸಿಕ್ಕಿತು. ಅವನು ಬರುವವರೆಗೂ ನನ್ನ ಗಂಡ ಆ ನಳಿಗೆಯನ್ನು ಮುಷ್ಟಿಯಿಂದ ಬಿಡಲಿಲ್ಲ. ಮುಚ್ಚಿದ ಚಕ್ರ ಹಾಗೇ ಮುಚ್ಚಿಯೇ ಇತ್ತು, ಹಿಡಿಯಬೇಕಾದ ಅಗತ್ಯವೇ ಇರಲಿಲ್ಲ ಅಂತ ಆಮೇಲೆ ನರ್ಸು ಹೇಳಿದಳಂತೆ. ಅವರಿಗೆ ಅದೆಲ್ಲ ಎಲ್ಲಿ ಗೊತ್ತು.

ಸಂಜೆಯ ಹೊತ್ತಿಗೆ ಅತ್ತೆ ಒಬ್ಬರೇ ಆದರು. ನನ್ನ ನೆನಪು ಮತ್ತೆ ಶುರುವಾಗುವುದು ಅಲ್ಲಿಂದ. ಒಬ್ಬ ಅತ್ತೆ, ಒಂದು ಬಾಗಿಲು, ಬಾಗಿಲಲ್ಲಿ ಯಾರೂ ಇಲ್ಲ. ಅಪ್ಪ ಇಲ್ಲದ್ದು ನೋಡಿ ಅಳು ಬಂತು, ಯಾಕೆ ಅಂತ ಆಗ ತಿಳಿಯಲಿಲ್ಲ.

ಮಾರನೆಯ ದಿನ ಸತ್ಯಮಂಗಲದ ಘಾಟಿ ಇಳಿಸಿ ಕೊಯಮತ್ತೂರಿಗೆ ಕರೆದುಕೊಂಡು ಹೋದರು. ಅಲ್ಲಿನ ಡಾಕ್ಟರು ಎಲ್ಲ ಕೇಳಿ, ಕ್ಯಾಪ್ಸೂಲಿನ ವಿಷಯಕ್ಕೆ ಬಂದಾಗ ತಲೆಯ ಮೇಲೆ ಕೈಯಿಟ್ಟುಕೊಂಡರು. "ಬಿಲ್ಲೆಯ ಥರದ ಮಾತ್ರೆಯೂ ಇದೆಯಮ್ಮ. ಸಿಪ್ಪೆ ಇಲ್ಲ, ಮೂಳೆ ಇಲ್ಲ. ಕೇಳಿದ್ದರೆ ಅದನ್ನೇ ಬರೆದುಕೊಡುತ್ತಿದ್ದೆವಲ್ಲ." ಒಂದು ಮಾತು ಕೇಳಿದ್ದರೆ ಸಾಕಿತ್ತು. ಅತ್ತೆ ಗೋಡೆ ನೋಡಿದರು. ನಾನೂ ಅದೇ ಗೋಡೆ ನೋಡಿದೆ. ಕಣ್ಣು ಸರಿಹೋಗಿದೆ, ಕಾಲು ನಿಧಾನಕ್ಕೆ ಬರುತ್ತದೆ, ಮರೆವು ಪೂರ್ತಿ ಹೋಗುತ್ತದೋ ಇಲ್ಲವೋ ಈಗಲೇ ಹೇಳಲಾಗದು, ಇನ್ನೊಮ್ಮೆ ಹೀಗಾಗಲು ಬಿಡಬೇಡಿ ಅಂದರು ಡಾಕ್ಟರು.

ಕಾಲು ಬರಲು ದೀಪಾವಳಿ ಕಳೆಯಬೇಕಾಯಿತು. ಏಲಿಕುಟ್ಟಿ ಕೋಲೂರಿಕೊಂಡು ಒಂದು ಚೀಲ ಹಸಿ ಶುಂಠಿ ಹೊರಿಸಿಕೊಂಡು ನೋಡಲು ಬಂದಿದ್ದಳು. ಅವಳ ಕಾಲು ಪೂರ್ತಿ ಬಂದಿರಲಿಲ್ಲ, ಇನ್ನು ಬರುವುದೂ ಇಲ್ಲ. "ನೀನು ಮರೆಯಲಿಲ್ಲ ಮೋಳೆ," ಅಂತ ನನ್ನ ತಲೆ ಸವರಿದಳು. ಬೇರೆಲ್ಲ ಮರೆತೆ ಅಕ್ಕಾ ಅಂದೆ. ಇಬ್ಬರೂ ನಕ್ಕೆವು. ಅವಳು ಹೋದ ಮೇಲೆ ಆ ಕೋಲಿನ ಸದ್ದು ಬಹಳ ಹೊತ್ತು ನನ್ನ ಕಿವಿಯಲ್ಲಿತ್ತು.

ಮಗು ಮಾಘದಲ್ಲಿ ಹುಟ್ಟಿತು. ಹೆಣ್ಣು. ಕೈ, ಕಾಲು, ಕಣ್ಣು ಎಲ್ಲ ನೋಡಿದೆ, ಮತ್ತೆ ಮತ್ತೆ ನೋಡಿದೆ. ತೇಜಸ್ವಿನಿ ಅಂತ ಹೆಸರಿಟ್ಟೆವು. ಬೆರಳು ಆಡಿಸಿದರೆ ಅವಳ ಕಣ್ಣು ಬೆರಳಿನ ಹಿಂದೆಯೇ ಬರಲು ಶುರುವಾದ ದಿನ ನಾನು ಒಬ್ಬಳೇ ಕೂತು ಅತ್ತೆ.

ಭಯ ಮಾತ್ರ ಹೋಗಲಿಲ್ಲ. ಉಳಿದದ್ದು ಎಂಥ ಭಯ ಅಂದರೆ, ಬೆಳಿಗ್ಗೆ ಮಾತ್ರೆ ನುಂಗಿರುತ್ತೇನೆ, ಹತ್ತು ಗಂಟೆಗೆ ನುಂಗಿದೆನೋ ಇಲ್ಲವೋ ಗೊತ್ತಾಗುವುದಿಲ್ಲ. ಇಂಥ ಮರೆವು ಯಾರಿಗೆ ಇರುವುದಿಲ್ಲ ಅನ್ನುತ್ತಾರೆ ಜನ. ಇರುತ್ತದೆ. ಆದರೆ ಅವರು ಮರೆತರೆ ಹಾಲು ಉಕ್ಕುತ್ತದೆ, ಬಾಗಿಲು ತೆರೆದಿರುತ್ತದೆ. ಒಂದು ದಿನ ತಪ್ಪಿದರೆ ಏನೂ ಆಗುವುದಿಲ್ಲ ಅಂತ ಡಾಕ್ಟರೂ ಹೇಳಿದ್ದಾರೆ. ನನ್ನ ಭಯ ಒಂದು ದಿನದ್ದಲ್ಲ. ಮರೆತಿದ್ದೇನೆ ಅನ್ನುವುದನ್ನೇ ಮರೆತರೆ? ಒಂದು ದಿನ ಈ ಮಗುವನ್ನು ನೋಡಿ, ಯಾರಮ್ಮ ನೀನು, ಯಾವೂರು, ಅಂತ ಮರ್ಯಾದೆಯಿಂದ ಕೇಳಿಬಿಟ್ಟರೆ?

ನನ್ನ ದಿಗಿಲನ್ನು ಅತ್ತೆ ಕಂಡುಕೊಂಡರು. ಅವರು ಕ್ಷಮೆ ಗಿಮೆ ಕೇಳುವ ಪೈಕಿಯಲ್ಲ. ಒಂದು ಬೆಳಿಗ್ಗೆ ಲಿಂಗಪೂಜೆಗೆ ಕೂರಲು ಹೊರಟವಳನ್ನು ತಡೆದು, ಮಾತ್ರೆಯ ಡಬ್ಬಿ, ನೀರಿನ ಲೋಟ ಮುಂದಿಟ್ಟರು. "ಇನ್ಮ್ಯಾಕೆ ಮಾತ್ರೆ ಆದ ಮ್ಯಾಲೇ ವಿಬೂತಿ. ನೀನು ಇಟ್ಕಬ್ಯಾಡ, ನಾನು ಇಡ್ತೀನಿ. ಹಣೆ ಮ್ಯಾಲೆ ವಿಬೂತಿ ಇದ್ರೆ ನುಂಗೀಯೆ, ಇಲ್ದಿದ್ರೆ ಇಲ್ಲ. ಕನ್ನಡಿ ನೋಡ್ಕ. ನನ್ನ ಕೇಳ್ಕಂಡು ಅಳ್ತಾ ಬರಬ್ಯಾಡ." ನಾನು ನುಂಗಿದೆ. ಮೂರು ಬೆರಳು ಅದ್ದಿ ಹಣೆಯ ಮೇಲೆ ಎಳೆದರು. ಅವರ ಬೆರಳು ತಣ್ಣಗಿತ್ತು.

ಆವತ್ತಿನಿಂದ ಅದೇ ನನ್ನ ನೆನಪು. ದಿನಕ್ಕೆ ಎಷ್ಟು ಸಲ ಕನ್ನಡಿ ನೋಡುತ್ತೇನೋ. ಸಣ್ಣಗಾದ ಮೇಲೆ ಇವಳಿಗೆ ಸಿಂಗಾರದ ಹುಚ್ಚು ಅಂತ ಪಕ್ಕದ ಮನೆಯವರು ಆಡಿಕೊಳ್ಳುತ್ತಾರೆ, ಆಡಿಕೊಳ್ಳಲಿ.

ತೇಜಸ್ವಿನಿಗೆ ವರ್ಷ ತುಂಬಿದ ಮೇಲೆ, ಮೊನ್ನೆ ಚೈತ್ರದಲ್ಲಿ ಒಂದು ದಿನ ಅತ್ತೆಯೂ ನನ್ನ ಗಂಡನೂ ಬೆಳಿಗ್ಗೆಯೇ ಸಂತೆಮರಹಳ್ಳಿಗೆ, ದಿಲೀಪನಿಗೆ ಹೆಣ್ಣು ನೋಡಲು ಹೊರಟರು. ದಿಲೀಪನೂ ಜೊತೆಗೆ ಹೋದ. ಮನೆಯಲ್ಲಿ ನಾನು ಮತ್ತು ತೇಜು. ಬಿಸಿಲಿಗೆ ಹೆಂಚು ಕಾದಿತ್ತು. ಒಗೆದೆ, ಒಣಹಾಕಿದೆ, ಅವಳಿಗೆ ಉಣ್ಣಿಸಿದೆ, ಹೆಗಲ ಮೇಲೆ ಹಾಕಿಕೊಂಡು ತಟ್ಟಿ ಮಲಗಿಸಿದೆ. ಆಮೇಲೆ ಮುಖ ಒರೆಸಿಕೊಂಡು ಕನ್ನಡಿ ನೋಡಿದೆ. ಹಣೆ ಬರಿದಾಗಿತ್ತು.

ಬೆವರಿಗೆ ಹೋಗಿರಬಹುದು, ಒರೆಸಿಕೊಂಡೆನಲ್ಲ ಅಂದುಕೊಂಡೆ. ಬೆಳಿಗ್ಗೆ ಅತ್ತೆ ಇಟ್ಟರು, ಹೊರಡುವ ಮೊದಲು. ಇಟ್ಟರಾ? ಅವರ ತಣ್ಣನೆಯ ಬೆರಳು ನೆನಪಾಯಿತು. ಅದು ಇವತ್ತಿನದೋ, ನಿನ್ನೆಯದೋ? ಹೊರಡುವ ಗಡಿಬಿಡಿ, ದಿಲೀಪನ ಶರ್ಟಿನ ಇಸ್ತ್ರಿ, ಅತ್ತೆಯ ಚಪ್ಪಲಿ ಸಿಗಲಿಲ್ಲ. ಇದೆಲ್ಲ ನೆನಪಿತ್ತು. ಮಾತ್ರೆ ನೆನಪಿರಲಿಲ್ಲ. ಡಬ್ಬಿ ತೆಗೆದು ನೋಡಿದೆ. ಅತ್ತೆ ಮಾತ್ರೆಗಳನ್ನು ಸ್ಟ್ರಿಪ್ಪಿನಿಂದ ಬಿಡಿಸಿ ಅದರಲ್ಲಿ ಸುರಿದಿಡುತ್ತಾರೆ. ಡಬ್ಬಿಯ ತುಂಬ ಬಿಲ್ಲೆಗಳು, ಎಲ್ಲ ಒಂದೇ ಥರ. ಗಂಡನ ಮೊಬೈಲಿಗೆ ಮಾಡಿದೆ, ಸಿಗಲಿಲ್ಲ. ಆ ದಾರಿಯಲ್ಲಿ ಅದು ಯಾವತ್ತೂ ಸಿಗುವುದಿಲ್ಲ.

ಬೆರಳು ಮುಖದ ಮುಂದೆ ಹಿಡಿದು ನೋಡಿದೆ, ಒಂದೇ ಇತ್ತು. ಕೊಯಮತ್ತೂರಿನ ಡಾಕ್ಟರು ನಡೆಸಿ ನೋಡಿದ್ದ ಹಾಗೆ, ನೆಲದ ಕೆಂಪು ಪಟ್ಟಿಯ ಮೇಲೆ ಹಿಮ್ಮಡಿಗೆ ಹೆಬ್ಬೆರಳು ತಾಗಿಸಿಕೊಂಡು ನಡೆದೆ. ಅರ್ಧ ದಾರಿಯಲ್ಲಿ ಓಲಾಡಿದಂತಾಯಿತು. ಭಯಕ್ಕೋ, ನಿಜಕ್ಕೋ? ಗಂಡನ ಹೆಸರು ಹೇಳಿಕೊಂಡೆ. ಅಪ್ಪ ತೀರಿಕೊಂಡಿದ್ದಾರೆ ಅಂತ ಜೋರಾಗಿ ಹೇಳಿಕೊಂಡೆ. ಬಾಗಿಲ ಕಡೆ ನೋಡಲು ಧೈರ್ಯ ಬರಲಿಲ್ಲ. ಅಲ್ಲಿ ಕೊಡೆ ಹಿಡಿದು ಯಾರಾದರೂ ನಿಂತಿದ್ದರೆ ಏನು ಮಾಡಲಿ?

ನನ್ನ ದನಿಗೆ ತೇಜು ಎದ್ದು ಕೂತಳು. ನಿದ್ದೆಗಣ್ಣಲ್ಲಿ ನನ್ನ ಕಡೆ ಎರಡೂ ಕೈ ಚಾಚಿದಳು. ಎತ್ತಿಕೊಂಡೆ. ಬೆಳಕಿಗೆ ತಿರುಗಿದಾಗ ಅವಳ ಮುಖ ಕಂಡಿತು. ಹಣೆಯ ಮೇಲೆ ಅಜ್ಜಿ ಅವಳಿಗೆ ಇಟ್ಟಿದ್ದ ಪುಟ್ಟ ವಿಭೂತಿ ಹಾಗೇ ಇತ್ತು. ಬಲಗೆನ್ನೆಯ ಮೇಲೆ ಇನ್ನೊಂದಿತ್ತು, ಅಗಲದ್ದು, ದೊಡ್ಡವರ ಹಣೆಯ ಅಳತೆಯದು. ಅರೆಬರೆ ಅಳಿಸಿದ ಮೂರು ಗೆರೆ. ಮಲಗಿಸುವಾಗ ಅವಳ ಕೆನ್ನೆಗೆ ಹಣೆಯಿಟ್ಟುಕೊಂಡು ತಟ್ಟಿದ್ದೆ.

ನಾನು ನೆಲದ ಮೇಲೆ ಕೂತುಬಿಟ್ಟೆ. ಆ ಕೆನ್ನೆಯನ್ನು ಮುಟ್ಟಲಿಲ್ಲ, ಒರೆಸಲಿಲ್ಲ, ಮುತ್ತು ಕೂಡ ಕೊಡಲಿಲ್ಲ. ಅತ್ತೆ ಬರುವವರೆಗೂ ಅದು ಹಾಗೇ ಇರಲಿ ಅಂತ ಅವಳ ಎರಡೂ ಕೈ ಹಿಡಿದುಕೊಂಡು ನೋಡುತ್ತಾ ಕೂತೆ. ಅವಳು ನಕ್ಕು, ಕೊಸರಾಡಿ, ಕೊನೆಗೆ ಕೆನ್ನೆಯನ್ನು ನನ್ನ ಸೀರೆಗೆ ಉಜ್ಜಿಬಿಟ್ಟಳು.

ಎದ್ದು ಹೋಗಿ ಇನ್ನೊಂದು ಮಾತ್ರೆ ನುಂಗಿದೆ.